‘ಮೋಟಾರ್ ಸುಟ್ಟಿದೆ’ ಅಂದ್ರೆ ಸುಮ್ನೆ ಒಪ್ಪಿಕೊಳ್ಳಬೇಡಿ

ಮಳೆಗಾಲ ಮುಗಿಯುತ್ತಾ ಬಂದರೆ ಈ ಅಂಕಣಕ್ಕೆ ವಾಷಿಂಗ್ ಮಷಿನ್ ಪತ್ರಗಳು ಜಾಸ್ತಿಯಾಗುತ್ತವೆ. ಕರಾವಳಿಯಲ್ಲಿ ಭಟ್ಕಳದಿಂದ ಕಾರವಾರದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ, ಹೆಚ್ಚಿನವರ ಕತೆ ಒಂದೇ. ಮಷಿನ್ ನಿಂತಿತು, ರಿಪೇರಿಯವರು ಬಂದು ಎರಡು ನಿಮಿಷ ನೋಡಿ ಮೋಟಾರ್ ಹೋಗಿದೆ ಅಂದರು, ನಿಜವಾ ಅಂತ. ಕೆಲವೊಮ್ಮೆ ನಿಜ. ಆದರೆ ಮಷಿನ್‌ನಲ್ಲಿ ಮೋಟಾರ್ ಅಷ್ಟು ಸುಲಭಕ್ಕೆ ಹೋಗುವ ಭಾಗವಲ್ಲ, ಅದರ ಸುತ್ತ ಇರುವ ನೂರಿನ್ನೂರು ರೂಪಾಯಿಯ ಸಾಮಾನುಗಳೇ ಮೊದಲು ಹೋಗುತ್ತವೆ. ಈ ಸಲ ಆ ಪತ್ರಗಳನ್ನೇ ಒಟ್ಟು ಹಾಕಿದ್ದೇನೆ.

ಪ್ರಶ್ನೆ: ನಮ್ಮದು ಸೆಮಿ ಆಟೋಮ್ಯಾಟಿಕ್. ಒಗೆಯುವ ಕಡೆ ಸರಿ ಇದೆ. ಹಿಂಡುವ ಕಡೆ ಮಾತ್ರ ಸ್ವಿಚ್ ತಿರುಗಿಸಿದರೆ ‘ಹೂಂ’ ಅಂತ ಸದ್ದು ಬರುತ್ತದೆ, ಡ್ರಮ್ ತಿರುಗುವುದಿಲ್ಲ. ಕೈಯಲ್ಲಿ ತಳ್ಳಿದರೆ ಕೆಲವೊಮ್ಮೆ ಹಿಡಿಯುತ್ತದೆ. ಹೊಸ ಮೋಟಾರ್ ಹಾಕಿಸಬೇಕು ಅಂತಾರೆ. ಹಾಕಿಸಲಾ?
— ಗೃಹಿಣಿ, ಕುಮಟಾ

ಉತ್ತರ: ಈಗಲೇ ಬೇಡ ಅಕ್ಕಾ. ಮೊದಲು ಒಂದು ಮಾತು, ಡ್ರಮ್‌ಗೆ ಕೈ ಹಾಕಿ ತಳ್ಳುವುದನ್ನು ಇವತ್ತೇ ಬಿಡಿ. ಆ ಡ್ರಮ್ ಹಿಡಿದುಕೊಂಡರೆ ನಿಮಿಷಕ್ಕೆ 1300 ಸುತ್ತಿನ ಮೇಲೆ ತಿರುಗುತ್ತದೆ. ಒಳಗಿದ್ದ ಸೀರೆಯ ಸೆರಗು ಕೈಗೆ ಸುತ್ತಿಕೊಂಡರೆ ಕತೆ ಬೇರೆ.

ತಳ್ಳಿದರೆ ಹಿಡಿಯುತ್ತದೆ ಅಂತ ಬರೆದಿದ್ದೀರಲ್ಲ, ಅದೇ ದೊಡ್ಡ ಸುಳಿವು. ಸೆಮಿ ಮಷಿನ್‌ನ ಮೋಟಾರ್ ಒಳಗೆ ಎರಡು ವೈಂಡಿಂಗ್, ಅಂದರೆ ಸುತ್ತಿದ ತಂತಿಯ ಸುರುಳಿಗಳು, ಇರುತ್ತವೆ. ಒಂದಕ್ಕೆ ಕರೆಂಟ್ ನೇರ ಹೋಗುತ್ತದೆ, ಇನ್ನೊಂದಕ್ಕೆ ಕೆಪಾಸಿಟರ್ (ಕರೆಂಟ್ ಹಿಡಿದಿಟ್ಟು ಬಿಡುವ ಸಣ್ಣ ಡಬ್ಬಿ) ಮೂಲಕ ಹೋಗುತ್ತದೆ. ಎರಡೂ ಸೇರಿದರೆ ಮಾತ್ರ ಮೋಟಾರ್‌ಗೆ ಯಾವ ಕಡೆ ತಿರುಗಬೇಕು ಅಂತ ಗೊತ್ತಾಗುವುದು. ಕೆಪಾಸಿಟರ್ ಸೊರಗಿದರೆ ಮೋಟಾರ್ ನಿಂತಲ್ಲೇ ಗುಂಯ್‌ಗುಡುತ್ತದೆ, ಯಾರಾದರೂ ತಳ್ಳಿಕೊಟ್ಟರೆ ಆ ಕಡೆ ಓಡುತ್ತದೆ. ಮನೆಯ ಸೀಲಿಂಗ್ ಫ್ಯಾನ್ ಕೋಲಿನಿಂದ ತಿರುಗಿಸಿಕೊಟ್ಟರೆ ಮಾತ್ರ ಶುರುವಾಗುತ್ತದಲ್ಲ, ಅಲ್ಲೂ ಇದೇ ಕಾಯಿಲೆ.

ಮಷಿನ್‌ನ ಹಿಂದಿನ ಮುಚ್ಚಳ ತೆಗೆದರೆ ಕೆಪಾಸಿಟರ್ ಕಾಣುತ್ತದೆ. ಅನೇಕ ಮಷಿನ್‌ಗಳಲ್ಲಿ ಒಗೆಯುವ ಮೋಟಾರ್‌ನದ್ದೂ ಹಿಂಡುವ ಮೋಟಾರ್‌ನದ್ದೂ ಒಂದೇ ಡಬ್ಬಿಯಲ್ಲಿರುತ್ತದೆ. ಒಗೆಯುವ ಕಡೆಗೆ 10 ಮೈಕ್ರೋಫ್ಯಾರಡ್ (ಕೆಪಾಸಿಟರ್‌ನ ಅಳತೆ) ಆಸುಪಾಸು, ಹಿಂಡುವ ಕಡೆಗೆ 5ರ ಆಸುಪಾಸು ಇರುವುದು ಸಾಮಾನ್ಯ, ಆದರೆ ನನ್ನ ಮಾತಿಗಿಂತ ಡಬ್ಬಿಯ ಮೇಲೆ ಬರೆದದ್ದೇ ಲೆಕ್ಕ. ಪ್ಲಗ್ ಕಿತ್ತಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಬಲ್ಬ್ ಹಾಕಿದ ಹಳೇ ಹೋಲ್ಡರ್‌ನ ಎರಡು ವೈರನ್ನು ಕೆಪಾಸಿಟರ್‌ನ ತುದಿಗಳಿಗೆ ತಾಗಿಸಿ ಖಾಲಿ ಮಾಡಿಕೊಂಡೇ ಮುಟ್ಟಬೇಕು, ಬಲ್ಬು ಹಳೇ ತಂತಿಯದ್ದು, ಎಲ್‌ಇಡಿ ಅಲ್ಲ. ಮೈಕ್ರೋಫ್ಯಾರಡ್ ತೋರಿಸುವ ಮಲ್ಟಿಮೀಟರ್ ಈಗ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಇರುತ್ತದೆ. ಡಬ್ಬಿಯಲ್ಲಿ 5 ಅಂತ ಬರೆದು ಮೀಟರ್ 3 ತೋರಿಸಿದರೆ ಅಲ್ಲಿಗೆ ತೀರ್ಮಾನವಾಯಿತು. ಹೊಸದು ತರುವಾಗ ಅದೇ ಮೈಕ್ರೋಫ್ಯಾರಡ್, ವೋಲ್ಟೇಜ್ ಹಳೆಯದರಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇರಲಿ. ಮನೆಯಲ್ಲಿ ಬಿದ್ದಿದೆ ಅಂತ ಫ್ಯಾನಿನ 2.5ರ ಕೆಪಾಸಿಟರ್ ಹಾಕಬೇಡಿ. ಒಂದೆರಡು ದಿನ ತಿರುಗಿದ ಹಾಗೆ ಮಾಡಿ ಆಮೇಲೆ ನಿಜಕ್ಕೂ ಮೋಟಾರ್ ಸುಟ್ಟುಕೊಳ್ಳುತ್ತೀರಿ.

ಕೆಪಾಸಿಟರ್ ಸರಿ ಇದೆಯಾ? ಹಾಗಾದರೆ ಬ್ರೇಕ್ ನೋಡಿ. ಮುಚ್ಚಳ ತೆರೆದ ಕೂಡಲೇ ಡ್ರಮ್ ನಿಲ್ಲುತ್ತದಲ್ಲ, ಅದಕ್ಕೆ ಮೋಟಾರ್ ಮೇಲೆ ಒಂದು ಬ್ರೇಕ್ ಪಟ್ಟಿ ಇದೆ, ಸಣ್ಣ ಕೇಬಲ್‌ನಿಂದ ಮುಚ್ಚಳಕ್ಕೆ ಜೋಡಿಸಿರುತ್ತಾರೆ. ಮುಚ್ಚಳ ಹಾಕಿದಾಗ ಕೇಬಲ್ ಎಳೆದು ಬ್ರೇಕ್ ಬಿಡಬೇಕು. ನಮ್ಮ ಉಪ್ಪುಗಾಳಿಗೆ ಆ ಕೇಬಲ್ ತುಕ್ಕು ಹಿಡಿದು ಅರ್ಧಕ್ಕೆ ನಿಂತುಬಿಡುತ್ತದೆ. ಬ್ರೇಕ್ ಅರ್ಧ ಹಿಡಿದೇ ಇದ್ದರೆ ಮೋಟಾರ್ ಏನು ಮಾಡೀತು, ನರಳುತ್ತದೆ ಅಷ್ಟೆ. ಪ್ಲಗ್ ಕಿತ್ತು, ಮುಚ್ಚಳ ಹಾಕಿದ ಸ್ಥಿತಿಯಲ್ಲೇ ಹಿಂದಿನಿಂದ ಡ್ರಮ್‌ನ ಕೆಳಗೆ ಅದನ್ನು ಮೋಟಾರ್‌ಗೆ ಜೋಡಿಸುವ ಕಪ್ಲಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ಬಿಗಿ ಇದ್ದರೆ ಬ್ರೇಕ್ ಅಥವಾ ಬೇರಿಂಗ್.

ಬೇರಿಂಗ್ ಬಿಗಿಯಾಗಿದ್ದರೆ ಮೋಟಾರ್ ತಲೆ ಮೇಲೆ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ನಿಮ್ಮ ಹಿಂಡುವ ಡ್ರಮ್‌ನ ನಟ್ಟನಡುವೆ, ಸರಿಯಾಗಿ ಮೋಟಾರ್‌ನ ಮೇಲೆ, ಒಂದು ರಬ್ಬರ್ ಸೀಲ್ ಇದೆ. ಅದು ಹರಿದರೆ ಹಿಂಡಿದ ಸೋಪಿನ ನೀರು ತೊಟ್ಟು ತೊಟ್ಟಾಗಿ ಶಾಫ್ಟ್ (ತಿರುಗುವ ದಂಡ) ಹಿಡಿದುಕೊಂಡು ಕೆಳಗಿಳಿಯುತ್ತದೆ. ಮೋಟಾರ್ ತಲೆ ಮೇಲೆ ಕೆಂಪು ತುಕ್ಕಿನ ಉಂಗುರ, ಅದರ ಸುತ್ತ ಸೋಪು ಒಣಗಿದ ಬಿಳಿ ಗೆರೆ ಕಂಡರೆ ಸೀಲ್ ಸೋರಿ ತುಂಬಾ ದಿನ ಆಗಿದೆ ಅಂತ ಅರ್ಥ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತೇನೆ ಅಂದರೆ, ಎಷ್ಟೋ ಮನೆಗಳಲ್ಲಿ ಹೊಸ ಮೋಟಾರ್ ಹಾಕಿ ಸೀಲ್ ಹಳೇದೇ ಬಿಟ್ಟು ಹೋಗುತ್ತಾರೆ, ಮುಂದಿನ ಮಳೆಗಾಲಕ್ಕೆ ಆ ಮೋಟಾರೂ ಹೋಗುತ್ತದೆ, ಆಮೇಲೆ ‘ಡುಪ್ಲಿಕೇಟ್ ಮಾಲು’ ಅಂತ ಅಂಗಡಿಯವರಿಗೆ ಬೈಗುಳ. ಮೋಟಾರ್ ಬದಲಿಸಲೇಬೇಕಾಗಿ ಬಂದರೆ ಸೀಲೂ ಜೊತೆಗೇ ಬದಲಿಸಿ ಅಂತ ಮೊದಲೇ ಹೇಳಿಬಿಡಿ.

ಪ್ರಶ್ನೆ: ಒಗೆಯುವ ಕಡೆ ಒಂದೇ ದಿಕ್ಕಿಗೆ ತಿರುಗುತ್ತದೆ, ಇನ್ನೊಂದು ದಿಕ್ಕಿನ ಸರದಿ ಬಂದಾಗ ಸುಮ್ಮನಿರುತ್ತದೆ. ಅರ್ಧ ಮೋಟಾರ್ ಸುಟ್ಟಿದೆಯಂತೆ, ಹೌದಾ?
— ಓದುಗರು, ಹೊನ್ನಾವರ

ಉತ್ತರ: ಅರ್ಧ ಮೋಟಾರ್ ಸುಡುವುದು ಅಂತ ನಾನಂತೂ ಕೇಳಿಲ್ಲ ಮಾರಾಯ್ರೆ! ಒಂದು ವೈಂಡಿಂಗ್ ತುಂಡಾಗಿದ್ದರೆ ಮೋಟಾರ್ ಯಾವ ದಿಕ್ಕಿಗೂ ತಾನಾಗಿ ಶುರುವಾಗುವುದಿಲ್ಲ, ಎರಡೂ ಸರದಿಯಲ್ಲಿ ಗುಂಯ್ ಅನ್ನುತ್ತದೆ ಅಷ್ಟೆ. ಕೆಪಾಸಿಟರ್ ಹೋಗಿದ್ದರೂ ಹಾಗೇ. ಒಂದು ದಿಕ್ಕಿಗೆ ಚೆನ್ನಾಗಿ ತಿರುಗುತ್ತಿದೆ ಅಂದರೆ ಎರಡು ವೈಂಡಿಂಗೂ ಕೆಪಾಸಿಟರೂ ಸರಿ ಇವೆ ಅಂತಲೇ. ತಪ್ಪಿರುವುದು ಟೈಮರ್‌ನಲ್ಲಿ, ಇಲ್ಲಾ ಟೈಮರ್‌ನಿಂದ ಮೋಟಾರ್‌ಗೆ ಬರುವ ಒಂದು ವೈರ್‌ನಲ್ಲಿ. ದಿಕ್ಕು ಬದಲಿಸುವುದು ಟೈಮರ್‌ನ ಕೆಲಸ, ಒಮ್ಮೆ ಈ ವೈಂಡಿಂಗ್‌ಗೆ ಒಮ್ಮೆ ಆ ವೈಂಡಿಂಗ್‌ಗೆ ಕರೆಂಟ್ ನೇರ ಕೊಡುತ್ತದೆ. ಅದರೊಳಗಿನ ಒಂದು ಕಾಂಟ್ಯಾಕ್ಟ್ ಕಪ್ಪಾಗಿ ಸುಟ್ಟಿರುತ್ತದೆ.

ಖಾತ್ರಿ ಬೇಕು ಅಂದರೆ ಪ್ಲಗ್ ಕಿತ್ತು, ಟೈಮರ್‌ನಿಂದ ಮೋಟಾರ್‌ಗೆ ಹೋಗುವ ಆ ಎರಡು ವೈರ್ ಅದಲುಬದಲು ಮಾಡಿಸಿ ನೋಡಿ. ಮೊದಲು ಬಲಕ್ಕೆ ಮಾತ್ರ ತಿರುಗುತ್ತಿದ್ದದ್ದು ಈಗ ಎಡಕ್ಕೆ ಮಾತ್ರ ತಿರುಗಿದರೆ ಮೋಟಾರ್ ನಿರಪರಾಧಿ. ಟೈಮರ್ ತೆಗೆಯುವ ಮೊದಲು ವೈರ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ, ಬಣ್ಣ ನೆನಪಿರುತ್ತದೆ ಅಂತ ಯಾರೂ ಅಂದುಕೊಳ್ಳಬೇಡಿ. ಮತ್ತೆ ಆ ಭಾಗದ ವೈರ್‌ಗಳನ್ನು ಬೆರಳಲ್ಲಿ ಸವರಿ ನೋಡಿ. ಸೆಮಿ ಮಷಿನ್‌ನ ಅಡಿ ಬಯಲು, ಮಳೆಗಾಲದಲ್ಲಿ ಇಲಿಗೆ ಬೆಚ್ಚಗಿನ ಜಾಗ, ವೈರ್ ಕಡಿದಿರುವುದೂ ಇದೆ.

ಪ್ರಶ್ನೆ: ತೋಟದ ಮನೆ, ಲೈನಿನ ಕೊನೆಗೆ ನಮ್ಮದು. ಸಂಜೆ ಮಷಿನ್ ಹಾಕಿದರೆ ಸ್ವಲ್ಪ ಹೊತ್ತು ತಿರುಗಿ ನಿಲ್ಲುತ್ತದೆ. ಅರ್ಧ ತಾಸು ಬಿಟ್ಟರೆ ಮತ್ತೆ ತಾನಾಗಿ ಶುರು. ಬೆಳಿಗ್ಗೆ ಹಾಕಿದರೆ ತೊಂದರೆಯಿಲ್ಲ. ಮೋಟಾರ್‌ನಲ್ಲಿ ದೋಷವಾ?
— ಕೃಷಿಕರು, ಶಿರಸಿ ತಾಲೂಕು

ಉತ್ತರ: ಬೆಳಿಗ್ಗೆ ಸರಿ, ಸಂಜೆ ಕೆಟ್ಟಿತು ಅಂದರೆ ದೋಷ ಮೋಟಾರ್‌ದಲ್ಲ, ವೋಲ್ಟೇಜ್‌ದು. ನಿಂತು ತಣ್ಣಗಾದ ಮೇಲೆ ತಾನೇ ಶುರುವಾಗುವುದು ಮೋಟಾರ್ ಒಳಗಿನ ಥರ್ಮಲ್ ಕಟ್‌ಆಫ್‌ನ ಕೆಲಸ. ವೈಂಡಿಂಗ್ ಮಿತಿ ಮೀರಿ ಕಾದಾಗ ಅದು ಕರೆಂಟ್ ಕಡಿದು ಮೋಟಾರ್‌ನ ಜೀವ ಉಳಿಸುತ್ತದೆ. ನಿಮ್ಮ ಮೋಟಾರ್ ದಿನಾ ಸಂಜೆ ಸಾಯುವುದರಿಂದ ಸ್ವಲ್ಪದರಲ್ಲಿ ಪಾರಾಗುತ್ತಿದೆ.

ಇಂಥ ಮೋಟಾರ್‌ನ ತಿರುಗುವ ಬಲ ವೋಲ್ಟೇಜ್ ಇಳಿದಷ್ಟೇ ಇಳಿಯುವುದಿಲ್ಲ, ಅದರ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಇಳಿಯುತ್ತದೆ. 230 ಬರಬೇಕಾದಲ್ಲಿ 170 ಬಂದರೆ ವೋಲ್ಟೇಜ್ ಕಾಲು ಭಾಗ ಕಡಿಮೆ ಅಂತ ಕಾಣುತ್ತದೆ, ಆದರೆ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಬಂದಿರುತ್ತದೆ. ಬಟ್ಟೆ ಮಾತ್ರ ಅಷ್ಟೇ ಭಾರ. ಮೋಟಾರ್ ಎಳೆಯಲಾರದೆ ಜಾಸ್ತಿ ಕರೆಂಟ್ ಎಳೆದುಕೊಂಡು ಕಾಯುತ್ತದೆ. ಅಡಿಕೆ ತೋಟಕ್ಕೆ ನೀರು ಬಿಡುವ ದಿನಗಳಲ್ಲಿ ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ನಿಮ್ಮ ಕೊನೆಯ ಮನೆಗೆ ಎಷ್ಟು ಉಳಿದೀತು ಹೇಳಿ.

ಮೀಟರ್ ತಗೊಂಡು ಎರಡು ಸಲ ನೋಡಿ, ಮಷಿನ್ ನಿಂತಿರುವಾಗ ಒಮ್ಮೆ, ಓಡುತ್ತಿರುವಾಗ ಅದೇ ಬೋರ್ಡಿನ ಇನ್ನೊಂದು ಪ್ಲಗ್ಗಿನಲ್ಲಿ ಒಮ್ಮೆ. ಎರಡೂ ಸಲ 170 ಇದ್ದರೆ ಲೈನಿನ ಸಮಸ್ಯೆ, ಲೈನ್‌ಮನ್‌ಗೆ ಹೇಳಿ, ಅಲ್ಲಿವರೆಗೆ ಸ್ಟೆಬಿಲೈಸರ್. ಸೆಮಿ ಮಷಿನ್‌ಗೆ 1 ಕೆವಿಎ ಸಾಕು, ನೀರು ಕಾಯಿಸುವ ಫ್ರಂಟ್ ಲೋಡ್‌ಗೆ ಸಾಕಾಗುವುದಿಲ್ಲ. ನಿಂತಿರುವಾಗ 210 ಇದ್ದು ಮಷಿನ್ ಹಾಕಿದ ಕೂಡಲೇ 175ಕ್ಕೆ ಬಿದ್ದರೆ ನಿಮ್ಮ ಮನೆಯ ವೈರಿಂಗೇ ಸಪೂರ, ಅಥವಾ ಎಲ್ಲೋ ಜಾಯಿಂಟ್ ಸಡಿಲ. ಹಳೇ ಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಚ್ಚಲಿಗೆ ಅಂತ ಎಳೆದ ವೈರ್‌ಗಳಲ್ಲಿ ಇದು ಮಾಮೂಲು. ಸಡಿಲ ಜಾಯಿಂಟ್ ಬೆಂಕಿಗೂ ದಾರಿ, ಅದನ್ನು ಮುಂದೂಡಬೇಡಿ.

ಇನ್ನೆರಡು ಮಾತು. ಕರೆಂಟ್ ಹೋದಾಗ ಮನೆಯ ಇನ್ವರ್ಟರ್‌ನಲ್ಲಿ ಮಷಿನ್ ಓಡಿಸುತ್ತಿದ್ದರೆ ಅದು ಸೈನ್ ವೇವ್ (ಲೈನಿನ ಕರೆಂಟಿನ ಹಾಗೆ ನಯವಾದ ಅಲೆ ಕೊಡುವಂಥದ್ದು) ಹೌದೋ ಅಲ್ಲವೋ ನೋಡಿ. ಸ್ಕ್ವೇರ್ ವೇವ್‌ನಲ್ಲಿ ಮೋಟಾರ್ ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತದೆ. ಮತ್ತೆ, ಮಷಿನ್ ಮೇಲೆ ಬರೆದ 7 ಕೆಜಿ ಅನ್ನುವುದು ಒಣ ಬಟ್ಟೆಯ ತೂಕ. ಕಂಬಳಿಯನ್ನು ಅದರೊಳಗೆ ತುರುಕಬೇಡಿ, ನೀರು ಕುಡಿದ ಕಂಬಳಿ ಎಷ್ಟು ತೂಗುತ್ತದೆ ಅಂತ ಹಿಂಡಿದವರಿಗೇ ಗೊತ್ತು. ಕೊಳೆರೋಗಕ್ಕೆ ಮದ್ದು ಹೊಡೆದು ಬಂದ ಬಟ್ಟೆಯನ್ನೂ ಮೊದಲು ಹೊರಗೆ ನೀರಲ್ಲಿ ಜಾಲಿಸಿ, ಆಮೇಲೆ ಮಷಿನ್‌ಗೆ.

ಪ್ರಶ್ನೆ: ಫ್ರಂಟ್ ಲೋಡ್, ಹಳೇದು. ಶುರುವಾದ ಕೂಡಲೇ ಡ್ರಮ್ ಹುಚ್ಚು ಹಿಡಿದ ಹಾಗೆ ಜೋರಾಗಿ ತಿರುಗಿ ನಿಂತುಬಿಡುತ್ತದೆ, ಎರರ್ ತೋರಿಸುತ್ತದೆ. ಕೆಲವೊಮ್ಮೆ ಸುಟ್ಟ ವಾಸನೆ. ಮನೆ ಸಮುದ್ರದ ಹತ್ತಿರ.
— ನಿವೃತ್ತ ಮಾಸ್ತರರು, ಕಾರವಾರ

ಉತ್ತರ: ಮಾಸ್ತರ್ರೇ, ನಿಮ್ಮ ಮಷಿನ್‌ನ ಮೋಟಾರ್ ಜಾತಿಯೇ ಬೇರೆ. ಹಳೇ ಫ್ರಂಟ್ ಲೋಡ್‌ಗಳಲ್ಲಿ ಕಾರ್ಬನ್ ಬ್ರಷ್ ಇರುವ ಮೋಟಾರ್ ಇರುತ್ತದೆ, ಮಿಕ್ಸಿಯಲ್ಲಿ ಇರುವಂಥದ್ದೇ. ಇದಕ್ಕೆ ಕೆಪಾಸಿಟರ್‌ನಿಂದ ಶುರುವಾಗುವ ಕತೆ ಇಲ್ಲ. ಎಷ್ಟು ವೇಗ ಅಂತ ಮಷಿನ್ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ತೀರ್ಮಾನಿಸುತ್ತದೆ. ಮೋಟಾರ್ ಎಷ್ಟು ವೇಗದಲ್ಲಿದೆ ಅಂತ ಬೋರ್ಡಿಗೆ ಸುದ್ದಿ ಮುಟ್ಟಿಸಲು ಶಾಫ್ಟ್‌ನ ತುದಿಯಲ್ಲಿ ಒಂದು ಸಣ್ಣ ಅಯಸ್ಕಾಂತ, ಅದರ ಸುತ್ತ ಒಂದು ಕಾಯಿಲ್ ಇದೆ, ಟ್ಯಾಕೋ ಅಂತಾರೆ. ಆ ಕಾಯಿಲ್ ಜಾರಿದರೆ, ಅಥವಾ ಅದರ ಪಿನ್‌ಗೆ ಕಿಲುಬು ಹಿಡಿದರೆ, ಮೋಟಾರ್ ತಿರುಗುತ್ತಿದ್ದರೂ ಬೋರ್ಡಿಗೆ ‘ನಿಂತಿದೆ’ ಅಂತಲೇ ಲೆಕ್ಕ. ಇನ್ನೂ ಕೊಡು, ಇನ್ನೂ ಕೊಡು ಅಂತ ಕರೆಂಟ್ ಹೆಚ್ಚಿಸುತ್ತದೆ, ಡ್ರಮ್ ಹಾರುತ್ತದೆ, ಆಮೇಲೆ ಬೋರ್ಡಿಗೆ ಗಾಬರಿಯಾಗಿ ಎಲ್ಲ ಬಂದ್. ನೀವು ಬರೆದದ್ದು ಅಕ್ಷರಶಃ ಇದೇ.

ಕಾಯಿಲನ್ನು ಓಮ್ ಮೀಟರ್‌ನಲ್ಲಿ ನೋಡಿದರೆ ಮಾದರಿಗೆ ತಕ್ಕ ಹಾಗೆ ಏನಾದರೂ ಒಂದು ಅಂಕಿ ಬರಬೇಕು, ಏನೂ ಬರದಿದ್ದರೆ ಕಾಯಿಲ್ ತುಂಡಾಗಿದೆ. ಅಂಕಿ ಬಂದರೆ ಕನೆಕ್ಟರ್ ಬಿಚ್ಚಿ ನೋಡಿ. ಸಮುದ್ರದ ಹತ್ತಿರದ ಮನೆಗಳಲ್ಲಿ ಹಿತ್ತಾಳೆ ಪಿನ್ನುಗಳು ಹಸಿರು ಪುಡಿ ಮೆತ್ತಿಕೊಂಡು ಕೂತಿರುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ನಾಲ್ಕೈದು ಸಲ ಹಾಕಿ ತೆಗೆದರೆ ಅರ್ಧ ಕೇಸು ಅಲ್ಲೇ ಮುಗಿಯುತ್ತದೆ. ಟ್ಯಾಕೋ ಎಲ್ಲ ಸರಿ ಇದ್ದೂ ಡ್ರಮ್ ಹಾರುತ್ತಿದ್ದರೆ ಬೋರ್ಡಿನ ಮೇಲೆ ಕರೆಂಟ್ ಹೆಚ್ಚು ಕಡಿಮೆ ಮಾಡುವ ಟ್ರಯಾಕ್ ಶಾರ್ಟ್ ಆಗಿರಬಹುದು. ಅದೂ ಮೋಟಾರ್ ಅಲ್ಲ.

ಸುಟ್ಟ ವಾಸನೆಗೆ ಬ್ರಷ್ ನೋಡಿಸಿ. ಎರಡೂ ಬ್ರಷ್ ಹೊರಗೆ ತೆಗೆದು ಪಕ್ಕಪಕ್ಕ ಇಡಿ. ಸವೆದು ಒಂದು ಸೆಂಟಿಮೀಟರ್‌ಗೆ ಬಂದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಬೇಕು, ಒಂದನ್ನು ಮಾತ್ರ ಅಲ್ಲ. ಉದ್ದ ಇದ್ದೂ ಹೋಲ್ಡರ್‌ನಲ್ಲಿ ಸಿಕ್ಕಿಕೊಂಡಿದ್ದರೆ ಸ್ಪ್ರಿಂಗ್ ತಳ್ಳಿದರೂ ಮುಂದೆ ಬರುವುದಿಲ್ಲ, ಕಿಡಿ ಹಾರುತ್ತದೆ. ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳು ಸಮನಾಗಿ ಕಂದು ಬಣ್ಣಕ್ಕಿದ್ದರೆ ಚಿಂತೆಯಿಲ್ಲ. ಒಂದೆರಡು ಪಟ್ಟಿ ಮಾತ್ರ ಕರಿಕಟ್ಟಿ ಗುಳಿ ಬಿದ್ದಿದ್ದರೆ, ಆಗ ಹೌದು, ಮೋಟಾರ್ ನಿಜಕ್ಕೂ ಹೋಗಿದೆ. ಹೊಸ ಬ್ರಷ್ ಹಾಕಿದ ಮೇಲೆ ಮೊದಮೊದಲು ಸ್ವಲ್ಪ ಕಿಡಿ ಕಂಡರೆ ಗಾಬರಿ ಬೇಡ, ಕೂರಲು ಸಮಯ ಬೇಕು.

ಇದೇ ಹೊತ್ತಿಗೆ ಕೋಡಿಬಾಗದಿಂದ ಬಂದ ಇನ್ನೊಂದು ಪತ್ರಕ್ಕೂ ಉತ್ತರ ಹೇಳಿಬಿಡುತ್ತೇನೆ. ಅವರದು ‘ಇನ್ವರ್ಟರ್’ ಮೋಟಾರ್‌ನ ಹೊಸ ಮಷಿನ್, ಮೋಟಾರ್‌ಗೆ 10 ವರ್ಷ ವಾರಂಟಿ ಇದ್ದರೂ ರಿಪೇರಿಗೆ ದುಡ್ಡು ಕೇಳಿದರಂತೆ. ಅದರಲ್ಲಿ ಬ್ರಷ್ ಇಲ್ಲ, ಮೂರು ವೈಂಡಿಂಗ್ ಇವೆ, ಮೂರು ತುದಿಗಳಲ್ಲಿ ಯಾವ ಎರಡರ ನಡುವೆ ಅಳೆದರೂ ಒಂದೇ ಓಮ್ ಬರಬೇಕು. ಬಂದರೆ ತೊಂದರೆ ಹಾಲ್ ಸೆನ್ಸರ್‌ನಲ್ಲೋ (ಮೋಟಾರ್ ಯಾವ ಸ್ಥಾನದಲ್ಲಿದೆ ಅಂತ ತಿಳಿಸುವಂಥದ್ದು) ಬೋರ್ಡಿನಲ್ಲೋ ಇದೆ. ಮೋಟಾರ್‌ನ ವಾರಂಟಿ ಬೋರ್ಡಿಗೂ ಇದೆ ಅಂತ ಅಂದುಕೊಳ್ಳಬೇಡಿ, ಕಾರ್ಡ್ ತೆಗೆದು ಓದಿ.

ಪ್ರಶ್ನೆ: ಒದ್ದೆ ಕಾಲಲ್ಲಿ ನಿಂತು ಮಷಿನ್ ಮುಟ್ಟಿದರೆ ಜುಂ ಅನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಏನೂ ಇಲ್ಲ. ಹಾಗೇ ನಡೆಸಬಹುದಾ?
— ಓದುಗರು, ಅಂಕೋಲಾ

ಉತ್ತರ: ಬೇಡವೇ ಬೇಡ. ಪ್ಲಗ್ ಕಿತ್ತಿಟ್ಟು ಆಮೇಲೆ ಮುಂದೆ ಓದಿ. ಅರ್ಥಿಂಗ್ ಸರಿ ಇದ್ದರೆ ಮಷಿನ್ ಮೈಯಲ್ಲಿ ಜುಂ ಬರುವಂತಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಎರಡನ್ನೂ ನೋಡಿಸಿ, ಮನೆಯ ಅರ್ಥಿಂಗ್, ಆಮೇಲೆ ಮೋಟಾರ್‌ನ ಲೀಕೇಜ್, ಅಂದರೆ ಕರೆಂಟ್ ಬಾಡಿಗೆ ಸೋರುವುದು. ಲೀಕೇಜ್‌ಗೆ ಸಾಮಾನ್ಯ ಮಲ್ಟಿಮೀಟರ್ ಸಾಲದು, 500 ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ ಮೆಗ್ಗರ್ ಬೇಕು, ವೈಂಡಿಂಗ್ ಮತ್ತು ಬಾಡಿ ನಡುವೆ 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಮೋಟಾರ್ ಓಡಿಸಬಾರದು. ಬ್ರಷ್ ಮೋಟಾರ್ ಆದರೆ ಕಾರ್ಬನ್ ಪುಡಿ ಒಳಗೆಲ್ಲ ಕೂತು ಲೀಕೇಜ್ ಆಗುವುದುಂಟು, ಊದಿ ಸ್ವಚ್ಛ ಮಾಡಿದರೆ ಸರಿಹೋಗುತ್ತದೆ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಬಂದ್ ಆಗುವ ಸ್ವಿಚ್) ಹಾಕಿಸಿಕೊಳ್ಳಿ. ಅದು ಪದೇ ಪದೇ ಬಿದ್ದರೆ ತೆಗೆದು ಬಿಸಾಡುವ ಜನರೂ ಇದ್ದಾರೆ, ಅವರಿಗೆ ನಮಸ್ಕಾರ.

ಪ್ರಶ್ನೆ: ಮಳೆಗಾಲ ಪೂರ್ತಿ ಮುಂಬೈನಲ್ಲಿ ಮಗನ ಮನೆಯಲ್ಲಿದ್ದೆವು. ಬಂದು ನೋಡಿದರೆ ಹಿತ್ತಲ ಜಗಲಿಯಲ್ಲಿದ್ದ ಮಷಿನ್ ಅಲ್ಲಾಡುತ್ತಿಲ್ಲ. ಸುಟ್ಟಿದೆ, ರಿವೈಂಡಿಂಗ್ ಮಾಡಿಸಿ (ಒಳಗಿನ ತಂತಿ ಹೊಸದಾಗಿ ಸುತ್ತಿಸಿ) ಅಂತಾರೆ.
— ಓದುಗರು, ಸದಾಶಿವಗಡ

ಉತ್ತರ: ಓಡದೇ ಇದ್ದ ಮೋಟಾರ್ ಹೇಗೆ ಸುಡುತ್ತದೆ? ಅದು ಹಿಡಿದುಕೊಂಡಿದೆ. ಎರಚಲು ಹೊಡೆದು ಶಾಫ್ಟ್ ಮತ್ತು ಅದು ಕೂರುವ ಬುಷ್ ನಡುವೆ ತುಕ್ಕು ಕೂತಿರುತ್ತದೆ. ಸುಡುವುದು ಈಗ, ನೀವು ಮತ್ತೆ ಮತ್ತೆ ಸ್ವಿಚ್ ಹಾಕಿ ನೋಡಿದಾಗ, ಆದ್ದರಿಂದ ಹಾಕಬೇಡಿ.

ಬೆಲ್ಟ್ ಬಿಚ್ಚಿ, ಪುಲ್ಲಿಯನ್ನು ಕೈಯಲ್ಲಿ ಸ್ವಲ್ಪ ಸ್ವಲ್ಪ ಆಚೆ ಈಚೆ ಅಲ್ಲಾಡಿಸಿ. ಬೆಲ್ಟ್ ಬಿಚ್ಚಿದಾಗ ಮೋಟಾರ್ ತಿರುಗಿ ಡ್ರಮ್ ಕಡೆ ಬಿಗಿ ಇದ್ದರೆ ಗೇರ್‌ಬಾಕ್ಸ್ ನೋಡಬೇಕು, ಮೋಟಾರ್ ಬಿಟ್ಟುಬಿಡಿ. ಮೋಟಾರೇ ಬಿಗಿ ಇದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ, ಸಡಿಲ ಆದಮೇಲೆ ನಾಲ್ಕು ಹನಿ ಮಷಿನ್ ಎಣ್ಣೆ ಬಿಡಿ. ಸ್ಪ್ರೇ ಒಂದೇ ಸಾಲದು, ಅದು ಆರಿಹೋಗುತ್ತದೆ. ವೈಂಡಿಂಗ್ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ತಿರುಗಿತು ಅಂತ ಕೂಡಲೇ ಕರೆಂಟ್ ಕೊಡಬೇಡಿ, ತೇವ ಹೋಗಬೇಕು. ಬಿಸಿಲಿದ್ದರೆ ಎರಡು ದಿನ ಅಂಗಳದಲ್ಲಿಡಿ, ಇಲ್ಲದಿದ್ದರೆ ಹತ್ತಿರ ಒಂದು 100 ವ್ಯಾಟ್ ತಂತಿ ಬಲ್ಬ್ ಉರಿಸಿಡಿ. ಬಚ್ಚಲೊಲೆಯ ಮೇಲೆ ಇಟ್ಟು ಕಾಯಿಸುವವರನ್ನು ಬಲ್ಲೆ, ಅದು ಬೇಡ, ವೈಂಡಿಂಗ್‌ನ ವಾರ್ನಿಷ್ ಹೋಗುತ್ತದೆ. ಆಮೇಲೆ ಮೆಗ್ಗರ್ ಹಿಡಿಸಿ.

ಅಷ್ಟಾದರೂ ರಿವೈಂಡಿಂಗ್ ಬೇಕೇ ಬೇಕು ಅಂದರೆ ಓಮ್ ಅಳೆದು ತೋರಿಸಿ ಅಂತ ಕೇಳಿ. ಒಗೆಯುವ ಮೋಟಾರ್‌ನಿಂದ ಮೂರು ವೈರ್ ಬರುತ್ತವೆ. ಎರಡೂ ವೈಂಡಿಂಗ್‌ಗೆ ಸೇರಿದ ಕಾಮನ್ ವೈರ್‌ನಿಂದ ಉಳಿದೆರಡಕ್ಕೆ ಸಮನಾದ ಅಂಕಿ, ಆ ಎರಡರ ನಡುವೆ ಅದರ ಎರಡು ಪಟ್ಟು ಬರಬೇಕು. ಹಿಂಡುವ ಮೋಟಾರ್‌ನಲ್ಲಿ ಎರಡು ಅಂಕಿ ಬೇರೆ ಬೇರೆ ಇರಬಹುದು, ಮೂರನೆಯದು ಅವೆರಡರ ಮೊತ್ತ. ಕಾಮನ್‌ನಿಂದ ಎರಡಕ್ಕೂ ಏನೂ ಬಾರದೆ, ಉಳಿದೆರಡರ ನಡುವೆ ಮಾತ್ರ ಅಂಕಿ ಬಂದರೆ ವೈಂಡಿಂಗ್ ಸುಟ್ಟಿಲ್ಲ, ಒಳಗಿನ ಥರ್ಮಲ್ ಫ್ಯೂಸ್ ಹೋಗಿದೆ, ರಿವೈಂಡಿಂಗ್ ಅಂಗಡಿಯವರು ಅದೊಂದನ್ನೇ ಬದಲಿಸಿಕೊಡುತ್ತಾರೆ. ಹೊಸ ಮೋಟಾರ್‌ಗೇ ಹೋಗುವುದಾದರೆ ತಾಮ್ರದ ವೈಂಡಿಂಗೋ ಅಲ್ಯೂಮಿನಿಯಂದೋ ಕೇಳಿ, ಬಿಲ್ಲಿನಲ್ಲಿ ಬರೆಸಿ. ಮಷಿನನ್ನು ಗೋಡೆಯ ಒಳಬದಿಗೆ ಸರಿಸಿಡಿ, ಮುಂದಿನ ಸಲ ಮುಂಬೈಗೆ ಹೋಗುವಾಗ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ವಾರಕ್ಕೊಮ್ಮೆ ಖಾಲಿ ಮಷಿನ್ ಐದು ನಿಮಿಷ ಓಡಿಸಲು ಹೇಳಿ.